ವಿಸ್ಯಾಟ್ ಮೋಡೆಮ್ ಪಾಸ್‌ವರ್ಡ್ ಗೊತ್ತಿಲ್ಲ, ರಿಸೆಟ್ ಒತ್ತಲೇನ್ರಿ?

ಪ್ರಶ್ನೆ (ಬಂಕ್ ಮ್ಯಾನೇಜರ್, ಇಂಡಿ ತಾಲೂಕು):
ನಮಸ್ಕಾರ್ರಿ ಎಲ್ಲಾರಿಗೂ. ನಾ ಇಂಡಿ ಕಡೆ ಒಂದು ಪೆಟ್ರೋಲ್ ಬಂಕಿಗೆ ಹೊಸದಾಗಿ ಮ್ಯಾನೇಜರ್ ಅಂತ ಸೇರೀನಿ. ಇಲ್ಲಿ ಕೇಬಲ್ ನೆಟ್ ಇಲ್ಲ, ಮಾಳಿಗಿ ಮ್ಯಾಲ ಡಿಶ್ ಕುಂದ್ರಿಸಿ ವಿಸ್ಯಾಟ್ (ಉಪಗ್ರಹದ ಮೂಲಕ ಬರೋ ನೆಟ್) ಹಾಕ್ಯಾರ, ಪಂಪಿನ ಆಟೋಮೇಶನ್ ಎಲ್ಲಾ ಅದರ ಮ್ಯಾಲೇ ನಡೀತದ. ಮೊದಲಿನ ಮ್ಯಾನೇಜರ್ ಬಿಟ್ಟು ಹೋಗ್ಯಾರ, ಅವರ ನಂಬರ್ ಹತ್ತವಲ್ದು. ವೈಫೈ ಪಾಸ್‌ವರ್ಡ್ ಬದಲಿ ಮಾಡೂಣು ಅಂದ್ರ ಬ್ರೌಸರ್‌ನ್ಯಾಗ 192.168.0.1 ಹೊಡದ್ರ ಯೂಸರ್‌ನೇಮ್ ಪಾಸ್‌ವರ್ಡ್ ಕೇಳ್ತದ, ಅದು ಯಾರಿಗೂ ಗೊತ್ತಿಲ್ಲ. ಹಿಂದ ಸಣ್ಣ ತೂತ ಅದ, ಪಿನ್ ಹಾಕಿ ಒತ್ತಿಬಿಡ್ರಿ ಅಂತ ನಮ್ಮ ಹುಡುಗ್ರು ಹೇಳಾಕತ್ತಾರ. ಒತ್ತಲೇನ್ರಿ?

ಉತ್ತರ (ವಿಸ್ಯಾಟ್ ಫೀಲ್ಡ್ ಎಂಜಿನಿಯರ್, ಬಾಗಲಕೋಟೆ):
ಸರ್, ಪಿನ್ ಕೆಳಗ ಇಡ್ರಿ ಮೊದಲ. ನಿಮ್ಮ ಟೇಬಲ್ ಮ್ಯಾಲ ಎಷ್ಟು ಡಬ್ಬಿ ಅದಾವ ನೋಡ್ರಿ. ಡಿಶ್‌ನಿಂದ ಬಂದ ದಪ್ಪನ ಕೇಬಲ್ ಯಾವುದರ ಹಿಂದ ತಿರುವಿ ಕುಂದ್ರಿಸ್ಯಾರೋ ಅದು ಸ್ಯಾಟಲೈಟ್ ಮೋಡೆಮ್. ಅದರಿಂದ ಒಂದು ಲ್ಯಾನ್ ಕೇಬಲ್ ಹೊರಟು ಆಂಟೆನಾ ಕಡ್ಡಿ ಇರೋ ಇನ್ನೊಂದು ಡಬ್ಬಿಗೆ ಹೋಗಿದ್ರ ಅದು ಬರೇ ವೈಫೈ ರೌಟರ್. ಈ ಎರಡಕ್ಕೂ ಪಾಸ್‌ವರ್ಡ್ ಬ್ಯಾರೆ ಬ್ಯಾರೆ, ಮತ್ತ ವೈಫೈ ಪಾಸ್‌ವರ್ಡ್ ಅಂತೂ ಮೂರನೇದು. ನನಗ ಫೋನ್ ಮಾಡೋ ಮಂದಿ ಬಹಳಷ್ಟು ಇಲ್ಲೇ ಗೊಂದಲ ಆಗಿರ್ತಾರ, ಮೋಡೆಮ್ ಪಾಸ್‌ವರ್ಡ್ ಹೋಗೇತಿ ಅಂತಾರ, ನೋಡಿದ್ರ ಕೇಳಾಕತ್ತಿದ್ದು ರೌಟರ್.

ಮೋಡೆಮ್ ಯಾಕ ರಿಸೆಟ್ ಮಾಡಬಾರ್ದು ಅಂದ್ರ, ಅದರೊಳಗ ನಿಮ್ಮ ಸೈಟ್ ಐಡಿ, ಯಾವ ಉಪಗ್ರಹ, ಯಾವ ಫ್ರೀಕ್ವೆನ್ಸಿ, ಹಬ್ (ಪ್ರೊವೈಡರಿನ ಮುಖ್ಯ ಕೇಂದ್ರ) ಜೋಡಿ ಮಾತಾಡೋ ಸೆಟ್ಟಿಂಗ್ ಎಲ್ಲಾ ಹಾಕಿಟ್ಟಿರ್ತಾರ, ಇನ್‌ಸ್ಟಾಲ್ ಮಾಡೋ ದಿನ ಎಂಜಿನಿಯರ್ ಲ್ಯಾಪ್‌ಟಾಪ್ ಹಚ್ಚಿ ಹಬ್‌ನವರ ಜೋಡಿ ಫೋನ್‌ನ್ಯಾಗ ಕುಂತು ಅದನ್ನ ತುಂಬಿರ್ತಾನ. ಎಷ್ಟೋ ಮಾಡೆಲ್‌ನ್ಯಾಗ ಫ್ಯಾಕ್ಟರಿ ರಿಸೆಟ್ ಆತಂದ್ರ ಅದೆಲ್ಲಾ ಅಳಿಸಿ ಹೊಕ್ಕೈತಿ. ಡಿಶ್ ಇದ್ದ ಜಾಗದಾಗ ಇದ್ರೂ ಹಬ್ ನಿಮ್ಮನ್ನ ಗುರ್ತ ಹಿಡಿಯೂದಿಲ್ಲ, ಎಂಜಿನಿಯರ್ ಬಂದು ಮತ್ತ ಸೆಟ್ಟಿಂಗ್ ತುಂಬಿ ಚಾಲೂ ಮಾಡೋ ತನಕ ಬಂಕಿನ ಲಿಂಕ್ ಬಂದ್. ರೌಟರ್ ಪಾಸ್‌ವರ್ಡ್ ಸಲುವಾಗಿ ಇಷ್ಟು ದೊಡ್ಡ ತ್ರಾಸ ತಂದ್ಕೋಬ್ಯಾಡ್ರಿ.

ಪ್ರಶ್ನೆ (ಅದೇ ಮ್ಯಾನೇಜರ್):
ಹೌದ್ರಿ, ಎರಡು ಡಬ್ಬಿ ಅದಾವ. ಕಪ್ಪು ಕೇಬಲ್ ಎರಡೂ ದೊಡ್ಡದಕ್ಕ ಹೋಗ್ಯಾವ. ಲಾಗಿನ್ ಪೇಜ್ ಯಾವುದರದು ಅಂತ ಹೆಂಗ್ ತಿಳೀಬೇಕ್ರಿ? ರೌಟರ್‌ದೇ ಇದ್ರ ಅದನ್ನ ರಿಸೆಟ್ ಮಾಡಬಹುದಾ?

ಉತ್ತರ:
ಪೇಜ್ ಮ್ಯಾಲ ಇರೋ ಕಂಪನಿ ಹೆಸರು ಡಬ್ಬಿ ಮ್ಯಾಲಿನ ಹೆಸರಿಗೆ ತಾಳೆ ನೋಡ್ರಿ, ಅಷ್ಟರಾಗೇ ಗೊತ್ತಾಕೈತಿ. ಮೋಡೆಮ್‌ದು ಆದ್ರ ಸಾಮಾನ್ಯವಾಗಿ ಸಿಗ್ನಲ್ ಎಷ್ಟೈತಿ, ಲಿಂಕ್ ಐತೋ ಇಲ್ಲೋ ಅನ್ನೋ ಸ್ಟೇಟಸ್ ಪೇಜ್ ಪಾಸ್‌ವರ್ಡ್ ಇಲ್ದನೇ ಕಾಣ್ತೈತಿ, ಒಳಗಿನ ಸೆಟ್ಟಿಂಗ್‌ಗಷ್ಟೇ ಪಾಸ್‌ವರ್ಡ್. ರೌಟರ್ ಆದ್ರ ತಳದಾಗ ಸ್ಟಿಕ್ಕರ್ ಓದ್ರಿ, ಮೊದಲಿನ ಯೂಸರ್‌ನೇಮ್ ಪಾಸ್‌ವರ್ಡ್ ಅಲ್ಲೇ ಅಚ್ಚಾಗಿರ್ತೈತಿ, ಯಾರೂ ಬದಲಿ ಮಾಡಿರದಿದ್ರ ಅದರಲೇ ತೆರೀತೈತಿ.

ತೆರೀಲಿಲ್ಲ ಅಂದ್ರ ರೌಟರ್ ರಿಸೆಟ್ ಮಾಡಬಹುದು, ಆದ್ರ ಹಾಂಗ ಸೀದಾ ಅಲ್ಲ. ವಿಸ್ಯಾಟ್ ಸೈಟ್‌ನ್ಯಾಗ ರೌಟರಿನ ವ್ಯಾನ್ (WAN, ಮೋಡೆಮ್‌ಗೆ ಜೋಡಿಸಿದ) ಕಡೆ ಬಹಳ ಸಲ ಸ್ಟ್ಯಾಟಿಕ್ ಐಪಿ, ಅಂದ್ರ ಬದಲಾಗದ ನೆಟ್ ವಿಳಾಸ, ಕೈಯಿಂದ ಹಾಕಿರ್ತಾರ. ರಿಸೆಟ್ ಆದ ಮ್ಯಾಲ ಆ ಐಪಿ, ಸಬ್‌ನೆಟ್, ಗೇಟ್‌ವೇ, ಡಿಎನ್‌ಎಸ್ ನಿಮ್ಮ ಕೈಯಾಗ ಇರದಿದ್ರ ವೈಫೈ ಚಿಹ್ನೆ ಬರ್ತೈತಿ, ನೆಟ್ ಮಾತ್ರ ಬರಂಗಿಲ್ಲ. ಅದಕ್ಕ ಮೊದಲ ಪ್ರೊವೈಡರಿನ ಹೆಲ್ಪ್‌ಡೆಸ್ಕಿಗೆ ಫೋನ್ ಮಾಡಿ ಆ ವಿವರ ಬರೆಸ್ಕೋರಿ. ಆಟೋಮೇಶನ್‌ನವ್ರಿಗೂ ಹೇಳ್ರಿ, ಅವರ ಪೆಟ್ಟಿಗಿಗೆ ರೌಟರ್‌ನ್ಯಾಗ ಐಪಿ ಕಾಯ್ದಿಟ್ಟಿರ್ತಾರ, ಅದು ಹೋದ್ರ ಪಂಪಿನ ಲೆಕ್ಕ ಸರ್ವರಿಗೆ ಮುಟ್ಟೂದಿಲ್ಲ. ಗಿರಾಕಿ ಕಡಿಮಿ ಇರೋ ಹೊತ್ತಿನ್ಯಾಗ ಮಾಡ್ರಿ.

ಇನ್ನೊಂದು, ಕರೆಂಟ್ ಚಾಲೂ ಇದ್ದಾಗ ಆ ಕಪ್ಪು ಕೇಬಲ್ ಬಿಚ್ಚಬ್ಯಾಡ್ರಿ, ಡಿಶ್ ಮ್ಯಾಲಿನ ಟ್ರಾನ್ಸ್‌ಮಿಟರಿಗೆ ಅದರಾಗೇ ಪವರ್ ಹರೀತಿರ್ತೈತಿ, ಶಾರ್ಟ್ ಆದ್ರ ಸುಟ್ಟು ಹೋಗೂದು ಬರೇ ಪಾಸ್‌ವರ್ಡ್ ಅಲ್ಲ.

ಪ್ರಶ್ನೆ (ಸಕ್ಕರಿ ಕಾರ್ಖಾನಿ ಆಫೀಸ್, ಮುಧೋಳ):
ಸರ್, ನಮ್ಮದು ಖರೇನೇ ಮೋಡೆಮ್ ಪಾಸ್‌ವರ್ಡ್ ಹೋಗೇತಿ. ಹೆಲ್ಪ್‌ಡೆಸ್ಕಿನವರು ಅಲ್ಲಿಂದಲೇ ಬದಲಿ ಮಾಡ್ತೀವಿ ಅಂತಾರ, ಯಾರೂ ಬರದ ಹೆಂಗ್ರಿ ಆಕೈತಿ ಅದು?

ಉತ್ತರ:
ಆಕ್ಕೈತ್ರಿ, ಮತ್ತ ಅದೇ ಸರಿಯಾದ ದಾರಿ. ನಿಮ್ಮ ಮೋಡೆಮ್ ಯಾವಾಗ್ಲೂ ಹಬ್ ಜೋಡಿ ಮಾತಾಡ್ಕೊಂತನೇ ಇರ್ತೈತಿ. ಅವರು ಹಬ್‌ನಿಂದ ಕಳಿಸಿದ ಕಮಾಂಡ್ 35,786 ಕಿಲೋಮೀಟರ್ ಮ್ಯಾಲಿರೋ ಉಪಗ್ರಹಕ್ಕ ಏರಿ ಇಳಿದು ನಿಮ್ಮ ಡಿಶ್ಶಿಗೆ ಬರ್ತೈತಿ, ಉತ್ತರ ಅದೇ ದಾರಿಯಾಗ ವಾಪಸ್. ಹೋಗಿ ಬರಾಕ ಅರ್ಧ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಹಿಡೀತೈತಿ, ಅಷ್ಟೇ. ಹಳೇ ಪಾಸ್‌ವರ್ಡ್ ಏನಿತ್ತು ಅಂತ ಕೇಳಾಕ ಹೋಗಬ್ಯಾಡ್ರಿ, ಹೊಸಾದು ಹಾಕಿಸ್ಕೋರಿ. ಷರತ್ತು ಒಂದೇ, ಲಿಂಕ್ ಚಾಲೂ ಇರಬೇಕು, ಅಂದ್ರ ಮುಂದಿನ ಲೈಟ್ ಸರಿ ಉರೀತಿರಬೇಕು. ಲಿಂಕ್ ಬಿದ್ದಿದ್ರ ಎಂಜಿನಿಯರ್ ಬಂದು ಕೇಬಲ್ ಹಚ್ಚೇ ಮಾಡಬೇಕು. ಫೋನ್ ಮಾಡೋ ಮುಂದ ಸೈಟ್ ಐಡಿ, ಮೋಡೆಮ್ ಸೀರಿಯಲ್ ನಂಬರ್ ಕೈಯಾಗ ಇಟ್ಕೋರಿ, ರಿಜಿಸ್ಟರ್ ಆದ ಮೊಬೈಲಿನಿಂದ್ಲೇ ಮಾಡ್ರಿ. ಅವರು ಇಷ್ಟೆಲ್ಲಾ ಯಾಕ ಕೇಳ್ತಾರ ಅಂತ ಸಿಟ್ಟಾಗಬ್ಯಾಡ್ರಿ, ಹಾಂಗ ಕೇಳದ ಯಾರಿಗೆ ಬೇಕಾದ್ರೂ ಬದಲಿ ಮಾಡಿ ಕೊಟ್ರ ನಿಮ್ಮ ಲಿಂಕೇ ಇನ್ನೊಬ್ಬರ ಕೈಗೆ ಹೊಕ್ಕೈತಿ.

ಪ್ರಶ್ನೆ (ಬೆಳಗಾವಿಯಿಂದ ಒಬ್ಬಾಕಿ):
ಅಣ್ಣಾರ, ನಂದು ಬರೇ ವೈಫೈ ಪಾಸ್‌ವರ್ಡ್ ಮರ್ತೈತಿ, ಲ್ಯಾಪ್‌ಟಾಪಿಗೆ ಇನ್ನೂ ಕನೆಕ್ಟ್ ಆಗ್ತೈತಿ.

ಉತ್ತರ:
ಹಂಗಾರ ಏನೂ ರಿಸೆಟ್ ಬ್ಯಾಡ್ರಿ ಅಕ್ಕಾರ. ವಿಂಡೋಸ್‌ನ್ಯಾಗ ಕಂಟ್ರೋಲ್ ಪ್ಯಾನಲ್‌ಗೆ ಹೋಗಿ ನೆಟ್‌ವರ್ಕ್ ಆಂಡ್ ಶೇರಿಂಗ್ ಸೆಂಟರ್ ತೆರೀರಿ, ವೈಫೈ ಹೆಸರು ಒತ್ತಿ ವೈರ್‌ಲೆಸ್ ಪ್ರಾಪರ್ಟೀಸ್, ಅದರಾಗ ಸೆಕ್ಯುರಿಟಿ, ಅಲ್ಲಿ ಶೋ ಕ್ಯಾರೆಕ್ಟರ್ಸ್‌ಗೆ ಟಿಕ್ ಹಾಕಿದ್ರ ಪಾಸ್‌ವರ್ಡ್ ಕಾಣ್ತೈತಿ. ಆಂಡ್ರಾಯ್ಡ್ 10 ಅಥವಾ ಮ್ಯಾಲಿನ ಫೋನ್ ಕನೆಕ್ಟ್ ಆಗಿದ್ರ ವೈಫೈ ಸೆಟ್ಟಿಂಗ್‌ನ್ಯಾಗ ಶೇರ್ ಒತ್ರಿ, ಕ್ಯೂಆರ್ ಬರ್ತೈತಿ, ಹೊಸ ಫೋನಿನಿಂದ ಸ್ಕ್ಯಾನ್ ಮಾಡಿದ್ರ ಆತು.

ಮ್ಯಾನೇಜರ್ (ಇಂಡಿ):
ಸರ್, ಪೇಜ್ ರೌಟರ್‌ದೇ ಅದ ರೀ, ಸ್ಟಿಕ್ಕರ್ ಪಾಸ್‌ವರ್ಡ್ ಹತ್ತಲಿಲ್ಲ. ಹೆಲ್ಪ್‌ಡೆಸ್ಕಿನಿಂದ ಐಪಿ ಬರಕೊಂಡೀನಿ, ರಾತ್ರಿ ಮಾಡ್ತೀನಿ.

ಉತ್ತರ:
ಭೇಷ್. ಲ್ಯಾಪ್‌ಟಾಪ್ ರೌಟರಿಗೆ ಕೇಬಲ್‌ಲೇ ಹಚ್ಚಿ ಮಾಡ್ರಿ, ರಿಸೆಟ್ ಆದ ಕೂಡ್ಲೇ ವೈಫೈ ಹೆಸರೂ ಬದಲಿ ಆಕ್ಕೈತಿ. ಹೊಸ ಅಡ್ಮಿನ್ ಪಾಸ್‌ವರ್ಡ್ ವಾಟ್ಸಾಪ್‌ನ್ಯಾಗ ಹಾಕಬ್ಯಾಡ್ರಿ, ಚೀಟಿ ಬರದು ಲಕೋಟಿ ಅಂಟಿಸಿ ಮಾಲಕರ ಕೈಯಾಗ ಕೊಡ್ರಿ. ಐಪಿ ಹಾಕೋ ಪೇಜಿನ್ಯಾಗ ಎಲ್ಲಿಯಾದ್ರೂ ಅಡಚಣಿ ಬಂದ್ರ ಸ್ಕ್ರೀನ್ ಫೋಟೋ ಇಲ್ಲೇ ಹಾಕ್ರಿ, ಐಪಿ ನಂಬರ್ ಮಾತ್ರ ಮುಚ್ಚಿ ಹಾಕ್ರಿ, ನೋಡಿ ಹೇಳ್ತೀನಿ.