ಲಾಕ್‌ಡೌನ್‌ನಲ್ಲಿ ಹೆಣ್ಣುಮಕ್ಕಳ ಜನನಾಂಗ ಛೇದನ ಕಡಿಮೆಯಾಯಿತೇ, ಹೆಚ್ಚಾಯಿತೇ?

ಪ್ರಶ್ನೆ: ನರ್ಸಿಂಗ್ ವಿದ್ಯಾರ್ಥಿನಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಸಮುದಾಯ ಆರೋಗ್ಯ ವಿಷಯದ ಸೆಮಿನಾರಿಗಾಗಿ ಹೆಣ್ಣುಮಕ್ಕಳ ಜನನಾಂಗ ಛೇದನವನ್ನು ನಿಲ್ಲಿಸುವ ಪ್ರಯತ್ನಗಳ ಮೇಲೆ ಕೋವಿಡ್ ಬೀರಿದ ಪರಿಣಾಮವನ್ನು ಆರಿಸಿಕೊಂಡಿದ್ದೇನೆ. ಹಲವು ದೇಶಗಳಲ್ಲಿ ಈ ಪದ್ಧತಿ ಸಮಾರಂಭದ ರೂಪದಲ್ಲಿ ನಡೆಯುವುದರಿಂದ, ಜನ ಸೇರುವುದನ್ನೇ ನಿಷೇಧಿಸಿದ ಮೇಲೆ ಅದು ತಾನಾಗಿಯೇ ಇಳಿದಿರಬೇಕು ಎಂದು ನನ್ನ ಸಹಪಾಠಿ ವಾದಿಸುತ್ತಾಳೆ. ಆದರೆ ಸಾಂಕ್ರಾಮಿಕದ ಕಾರಣದಿಂದ ಇನ್ನೂ 20 ಲಕ್ಷ ಹೆಣ್ಣುಮಕ್ಕಳು ಇದಕ್ಕೆ ಒಳಗಾಗಬಹುದು ಎಂದು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ 2020ರ ಏಪ್ರಿಲ್‌ನಲ್ಲಿ ಹೇಳಿತ್ತು. ಇವೆರಡನ್ನೂ ಹೇಗೆ ಹೊಂದಿಸಿಕೊಳ್ಳಬೇಕೆಂದು ನನಗೆ ತಿಳಿಯುತ್ತಿಲ್ಲ. ಬಲ್ಲವರು ದಯವಿಟ್ಟು ತಿಳಿಸಿಕೊಡಿ.

ಉತ್ತರ: ಸಮುದಾಯ ವೈದ್ಯಶಾಸ್ತ್ರದ ನಿವೃತ್ತ ಅಧ್ಯಾಪಕ, ದಾವಣಗೆರೆ

ಮೊದಲು ಆ ಸಂಖ್ಯೆಯನ್ನು ಸರಿಯಾಗಿ ಓದಿಕೊಳ್ಳಮ್ಮ, ಏಕೆಂದರೆ ಸೆಮಿನಾರಿನಲ್ಲಿ ಮೊದಲ ಪ್ರಶ್ನೆ ಅಲ್ಲಿಂದಲೇ ಬರುತ್ತದೆ. 20 ಲಕ್ಷ ಎಂಬುದು ಎಣಿಸಿದ ಲೆಕ್ಕವಲ್ಲ, ಅಂದಾಜು. ತಡೆಗಟ್ಟುವ ಕಾರ್ಯಕ್ರಮಗಳು ತಡವಾದರೆ, ಅವು ಸಕಾಲಕ್ಕೆ ನಡೆದಿದ್ದರೆ ಪಾರಾಗುತ್ತಿದ್ದ ಅಷ್ಟು ಹುಡುಗಿಯರು ಮುಂದಿನ ಹತ್ತು ವರ್ಷಗಳಲ್ಲಿ ಪಾರಾಗುವುದಿಲ್ಲ ಎಂಬುದು ಅದರ ಅರ್ಥ. 2030ರೊಳಗೆ ಈ ಪದ್ಧತಿಯನ್ನು ಕೊನೆಗಾಣಿಸಬೇಕೆಂಬ ಗುರಿಯತ್ತ ಆಗಬೇಕಿದ್ದ ಪ್ರಗತಿಯಲ್ಲಿ ಮೂರನೇ ಒಂದು ಪಾಲು ಕೈತಪ್ಪುತ್ತದೆ ಎಂದೂ ಅದೇ ಅಂದಾಜು ಹೇಳಿತ್ತು.

ನಿನ್ನ ಸಹಪಾಠಿಯ ವಾದವನ್ನು ತಳ್ಳಿಹಾಕಬೇಡ, ಅದಕ್ಕೆ ಆಧಾರವಿದೆ. 2014ರಲ್ಲಿ ಎಬೋಲಾ ಹರಡಿದಾಗ ಸಿಯೆರಾ ಲಿಯೋನ್ ಮತ್ತು ಲೈಬೀರಿಯಾಗಳಲ್ಲಿ, ಬೊಂಡೊ ಮತ್ತು ಸಾಂಡೆ ಎಂಬ ಮಹಿಳಾ ಸಂಘಗಳು ಹುಡುಗಿಯರಿಗೆ ಕೊಡುವ ದೀಕ್ಷೆ ನಿಂತಿತ್ತು. ಛೇದನವು ಆ ದೀಕ್ಷೆಯ ಭಾಗ. ಎಬೋಲಾ ರಕ್ತ ಮತ್ತು ದೇಹದ್ರವಗಳಿಂದ ಹರಡುವ ರೋಗವಾದ್ದರಿಂದ ಕತ್ತರಿಸುವವರಿಗೇ ಜೀವಭಯವಿತ್ತು. ರೋಗ ಅಡಗಿದ ಮೇಲೆ ದೀಕ್ಷೆಗಳು ಮತ್ತೆ ಆರಂಭವಾದವು. ಜನ ಪದ್ಧತಿಯನ್ನು ಮುಂದೂಡಿದ್ದರೇ ಹೊರತು ಬಿಟ್ಟಿರಲಿಲ್ಲ.

ಕೋವಿಡ್‌ನಲ್ಲಿ ಆ ತಡೆಯೂ ಇರಲಿಲ್ಲ. ಪ್ರಾಯದ ಹೆಣ್ಣುಮಕ್ಕಳಲ್ಲಿ ಶೇಕಡ ಸುಮಾರು 98ರಷ್ಟು ಮಂದಿ ಛೇದನಕ್ಕೆ ಒಳಗಾಗಿರುವ ಸೊಮಾಲಿಯಾದಲ್ಲಿ, ಕತ್ತರಿಸುವ ಹೆಂಗಸರೇ ಮನೆಮನೆಗೆ ಹೋಗಿ ಬಾಗಿಲು ತಟ್ಟುತ್ತಿದ್ದಾರೆ ಎಂದು ಪ್ಲಾನ್ ಇಂಟರ್‌ನ್ಯಾಷನಲ್ ಸಂಸ್ಥೆ 2020ರ ಮೇ ತಿಂಗಳಲ್ಲಿ ವರದಿ ಮಾಡಿತು. ಅವರಿಗೆ ಅದು ಸಂಪಾದನೆ. ತಾಯ್ತಂದೆಯರ ಲೆಕ್ಕಾಚಾರ ಬೇರೆ: ಗಾಯ ಮಾಯಲು ವಾರಗಟ್ಟಲೆ ಬೇಕು, ಹೇಗೂ ಶಾಲೆ ಮುಚ್ಚಿದೆ, ಮಗಳು ಏಕೆ ಬಂದಿಲ್ಲವೆಂದು ಯಾರೂ ಕೇಳುವುದಿಲ್ಲ. ಬೇಸಿಗೆ ರಜೆಯಲ್ಲಿ ನಡೆಯುತ್ತಿದ್ದದ್ದಕ್ಕೆ ತಿಂಗಳುಗಟ್ಟಲೆ ರಜೆ ಸಿಕ್ಕಂತಾಯಿತು. ಕೆನ್ಯಾದಲ್ಲಿ ವಸತಿ ಶಾಲೆಗಳೇ ಎಷ್ಟೋ ಹುಡುಗಿಯರಿಗೆ ಆಶ್ರಯವಾಗಿದ್ದವು. 2020ರ ಮಾರ್ಚ್‌ನಲ್ಲಿ ಅವು ಮುಚ್ಚಿದಾಗ ಆ ಮಕ್ಕಳು, ತಾವು ಯಾರಿಗೆ ಹೆದರಿ ದೂರವಿದ್ದರೋ ಅವರ ಮನೆಗೇ ಮರಳಬೇಕಾಯಿತು. ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಅಲ್ಲಿನ ಕುರಿಯಾ ಪ್ರದೇಶದಲ್ಲಿ, 2011ರ ನಿಷೇಧ ಕಾನೂನು ಜಾರಿಯಲ್ಲಿದ್ದರೂ, ಛೇದನಕ್ಕೊಳಗಾದ ಹುಡುಗಿಯರನ್ನು ಹಾಡಹಗಲೇ ಬೀದಿಯಲ್ಲಿ ಮೆರವಣಿಗೆ ಮಾಡಲಾಯಿತು.

ಈಜಿಪ್ಟಿನ ಘಟನೆಯೊಂದನ್ನು ನೀವು ನರ್ಸಿಂಗ್ ಮಕ್ಕಳು ಮರೆಯಬಾರದು. 2020ರ ಜೂನ್‌ನಲ್ಲಿ ಬೆಳಕಿಗೆ ಬಂದ ಪ್ರಕರಣದಲ್ಲಿ ತಂದೆಯೊಬ್ಬ ತನ್ನ ಮೂವರು ಹೆಣ್ಣುಮಕ್ಕಳಿಗೆ ಕೊರೊನಾ ಲಸಿಕೆ ಹಾಕಿಸುತ್ತೇನೆಂದು ಹೇಳಿ ವೈದ್ಯನನ್ನು ಮನೆಗೇ ಕರೆಸಿದ್ದ. ಆಗಿನ್ನೂ ಲಸಿಕೆಯೇ ಬಂದಿರಲಿಲ್ಲ, ಆ ವೈದ್ಯ ಮಾಡಿದ್ದು ಛೇದನ. ಆ ಮಕ್ಕಳಿಗೆ ಇನ್ನು ಮುಂದೆ ಬಿಳಿ ಕೋಟು ಕಂಡರೆ ಏನನ್ನಿಸಬಹುದು? ವೈದ್ಯರ ಕೈಯಿಂದಾದರೆ ಅಪಾಯವಿಲ್ಲ ಎಂಬ ಮಾತನ್ನು ವಿಶ್ವ ಆರೋಗ್ಯ ಸಂಸ್ಥೆ ಒಪ್ಪುವುದೇ ಇಲ್ಲ.

ಉತ್ತರ: ನಿವೃತ್ತ ಅಂಗನವಾಡಿ ಮೇಲ್ವಿಚಾರಕಿ, ಚಳ್ಳಕೆರೆ

ಸರ್ ಹೇಳಿದ ದೇಶಗಳನ್ನು ನಾನು ಕಂಡಿಲ್ಲ. ಆದರೆ 2020ರಲ್ಲಿ ಚಿತ್ರದುರ್ಗ ಜಿಲ್ಲೆಯ ಹಳ್ಳಿಗಳಲ್ಲಿ ಕಂಡದ್ದರಿಂದ ಅದು ಹೇಗೆ ನಡೆಯಿತೆಂಬುದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮಲ್ಲಿನ ಚಿಂತೆ ಬಾಲ್ಯವಿವಾಹದ್ದು. ಮೊದಲೆಲ್ಲ ಮದುವೆ ಗೊತ್ತಾದರೆ ಲಗ್ನಪತ್ರಿಕೆ ಅಚ್ಚು ಹಾಕುವವರಿಂದಲೋ, ಓಲಗದವರಿಂದಲೋ, ಕಲ್ಯಾಣ ಮಂಟಪದಿಂದಲೋ ಸುದ್ದಿ ಹೊರಬೀಳುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಹುಡುಗಿಯ ಗೆಳತಿಯರು ಮೇಷ್ಟ್ರ ಕಿವಿಗೆ ಹಾಕುತ್ತಿದ್ದರು, ಅಲ್ಲಿಂದ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಹೋಗುತ್ತಿತ್ತು. ಲಾಕ್‌ಡೌನ್‌ನಲ್ಲಿ ಪತ್ರಿಕೆ ಇಲ್ಲ, ಓಲಗ ಇಲ್ಲ, ಶಾಲೆ ಇಲ್ಲ. ಮನೆಯ ಮುಂದೆ ಚಪ್ಪರವೂ ಇಲ್ಲದೆ ಬೆಳಗಿನ ಜಾವಕ್ಕೆ ತಾಳಿ ಕಟ್ಟಿಸಿ ಮುಗಿಸಿದ್ದನ್ನು ನಾವು ವಾರ ಕಳೆದ ಮೇಲೆ ತಿಳಿದದ್ದುಂಟು. ಜನ ಸೇರಲಿಲ್ಲ ಎಂದರೆ ನೋಡುವ ಕಣ್ಣುಗಳೂ ಸೇರಲಿಲ್ಲ ಎಂದೇ ಅರ್ಥ, ತಂಗಿ. ನಿನ್ನ ಗೆಳತಿಗೆ ಇದನ್ನು ಹೇಳು.

ಇನ್ನೊಂದು ಸಂಗತಿ. ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನೂ ಬಾಣಂತಿಯರನ್ನೂ ಹಟ್ಟಿಯ ಹೊರಗಿರಿಸುವ ಪದ್ಧತಿಯ ಬಗ್ಗೆ ನಾವು ವರ್ಷಗಟ್ಟಲೆ ಮಾತನಾಡಿದ್ದೇವೆ. ಒಂದು ಮನೆಯವರು ಒಪ್ಪಿದರೂ ಅಕ್ಕಪಕ್ಕದವರು ಏನೆಂದಾರು ಎಂದು ಹಿಂಜರಿಯುತ್ತಾರೆ, ಆದ್ದರಿಂದ ಹಿರಿಯರನ್ನೂ ಅತ್ತೆಯರನ್ನೂ ಒಟ್ಟಿಗೆ ಕೂರಿಸಿ, ತಿಂಗಳು ತಿಂಗಳೂ ಹೋಗಿ ಮಾತನಾಡಬೇಕು. ಆ ವರ್ಷ ನಮ್ಮನ್ನೆಲ್ಲ ಸಮೀಕ್ಷೆಗೆ, ಮನೆಮನೆಗೆ ಪಡಿತರ ಮುಟ್ಟಿಸುವುದಕ್ಕೆ ಹಾಕಿದರು. ಅದು ಬೇಕಾದ ಕೆಲಸವೇ, ದೂರುತ್ತಿಲ್ಲ. ಆದರೆ ಮತ್ತೆ ಹಟ್ಟಿಗೆ ಹೋದಾಗ ಮಾತನ್ನು ಮೊದಲಿನಿಂದ ಆರಂಭಿಸಬೇಕಾಯಿತು.

ಉತ್ತರ: ವಕೀಲೆ, ಚಿತ್ರದುರ್ಗ

ಕಾನೂನಿನ ಕಡೆಯಿಂದ ಎರಡು ಮಾತು. ಸುಡಾನ್ ದೇಶವು 2020ರಲ್ಲೇ, ಅಂದರೆ ಸಾಂಕ್ರಾಮಿಕದ ನಡುವೆಯೇ, ಛೇದನವನ್ನು ಮೂರು ವರ್ಷಗಳವರೆಗೆ ಜೈಲುಶಿಕ್ಷೆ ವಿಧಿಸಬಹುದಾದ ಅಪರಾಧವನ್ನಾಗಿ ಮಾಡಿತು. ಆದ್ದರಿಂದ ಆ ವರ್ಷವೆಲ್ಲ ಹಿನ್ನಡೆಯೇ ಎಂದು ಬರೆಯಬೇಡಿ. ಆದರೂ ಊರೂರಿಗೆ ಹೋಗಿ ತಿಳಿಸುವವರಿಲ್ಲದಿದ್ದರೆ ಕಾನೂನು ರಾಜಪತ್ರದಲ್ಲೇ ಉಳಿಯುತ್ತದೆ. ಅಲ್ಲಿ 2008ರಿಂದ ನಡೆದಿರುವ ಸಲೀಮಾ ಎಂಬ ಆಂದೋಲನದ ಹೆಸರನ್ನು ಗಮನಿಸಿ: ಆ ಪದಕ್ಕೆ ಅಖಂಡಳು, ಊನವಿಲ್ಲದವಳು ಎಂಬರ್ಥವಿದೆ. ಛೇದನವಾಗದ ಹುಡುಗಿಯನ್ನು ಹೀಯಾಳಿಕೆಯಿಂದ ಕರೆಯುತ್ತಿದ್ದ ಕಡೆ ಗೌರವದ ಒಂದು ಮಾತನ್ನು ತರಲು ಅವರು ಅಷ್ಟು ವರ್ಷ ದುಡಿದರು.

ಭಾರತದಲ್ಲಿ ದಾವೂದಿ ಬೊಹ್ರಾ ಸಮುದಾಯದಲ್ಲಿರುವ ಈ ಪದ್ಧತಿಯ ವಿರುದ್ಧ 2017ರಲ್ಲಿ ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಕೆಯಾಯಿತು. ಆ ಸಮುದಾಯದ ಹೆಣ್ಣುಮಕ್ಕಳೇ ಮುಂದೆ ಬಂದು ಇದರ ವಿರುದ್ಧ ಮಾತನಾಡಿದ್ದಾರೆಂಬುದನ್ನು ನಿಮ್ಮ ಸೆಮಿನಾರಿನಲ್ಲಿ ಮರೆಯದೆ ಹೇಳಿ. 2018ರಲ್ಲಿ ಅರ್ಜಿ ಸಂವಿಧಾನ ಪೀಠಕ್ಕೆ ಹೋಯಿತು, ಮರುವರ್ಷ ಶಬರಿಮಲೆ ವಿಷಯದೊಡನೆ ಇನ್ನೂ ದೊಡ್ಡ ಪೀಠದ ಮುಂದಿನ ಪ್ರಶ್ನೆಗಳಲ್ಲಿ ಸೇರಿತು. 9 ನ್ಯಾಯಮೂರ್ತಿಗಳ ಆ ಪೀಠ 2020ರ ಆರಂಭದಲ್ಲಿ ಕುಳಿತದ್ದಷ್ಟೇ, ಮಾರ್ಚ್‌ನಲ್ಲಿ ಕೋವಿಡ್ ಬಂದು ವಿಷಯ ವರ್ಷಗಟ್ಟಲೆ ಮುಂದೆ ಹೋಯಿತು.

ಪ್ರಶ್ನೆ ಕೇಳಿದವರು:

ಸರ್, ಮೇಡಂ, ಅಮ್ಮ, ಮೂವರಿಗೂ ನನ್ನ ನಮನ. ನಾನು ಹೆಚ್ಚಳ ಮತ್ತು ಇಳಿಕೆ ಎಂದು ಎರಡು ಕಂಬಸಾಲು ಮಾಡಿಕೊಂಡಿದ್ದೆ, ಅದನ್ನು ಅಳಿಸಿದ್ದೇನೆ. ಪ್ರತಿ ದೇಶದಲ್ಲೂ ಆ ವರ್ಷ ಹುಡುಗಿಯ ಮನೆಗೆ ಯಾರು ಹೋಗುವುದು ನಿಂತಿತು, ಯಾರು ಹೋಗುತ್ತಲೇ ಇದ್ದರು ಎಂದು ಬರೆಯುತ್ತೇನೆ. ಅಮ್ಮ, ನಿಮ್ಮ ಅನುಭವವನ್ನು ಊರಿನ ಹೆಸರಿಲ್ಲದೆ ಸೇರಿಸಿಕೊಳ್ಳಬಹುದೇ?

ನಿವೃತ್ತ ಅಂಗನವಾಡಿ ಮೇಲ್ವಿಚಾರಕಿ, ಚಳ್ಳಕೆರೆ:

ಧಾರಾಳವಾಗಿ ಸೇರಿಸಿಕೊ. ಆ ಹುಡುಗಿಯರ ಗುರುತು ಹತ್ತದಂತೆ ತಾಲ್ಲೂಕಿನ ಹೆಸರನ್ನೂ ಬಿಟ್ಟುಬಿಡು.