ಸಾಮಾನು ಸಾಗಣೆ ಸಂಸ್ಥೆಯಲ್ಲಿ ಕೆಲಸಗಾರರ ಸುರಕ್ಷತೆ: ಸೊಂಟದ ಬೆಲ್ಟು ಕೊಡಿಸಿದರೆ ಸಾಕೇ?

ಪ್ರಶ್ನೆ (ಸಾಗಣೆ ಸಂಸ್ಥೆಯ ಮಾಲೀಕರು, ಬೆಂಗಳೂರು):
ನಮಸ್ಕಾರ ಮೇಡಂ. ನಾನು ಮನೆ ಹಾಗೂ ಸಣ್ಣ ಕಚೇರಿಗಳ ಸಾಮಾನು ಸಾಗಿಸುವ ಪ್ಯಾಕರ್ಸ್ ಅಂಡ್ ಮೂವರ್ಸ್ ಸಂಸ್ಥೆ ನಡೆಸುತ್ತಿದ್ದೇನೆ. ಕಾಯಂ ಆಗಿ ಹದಿನಾಲ್ಕು ಮಂದಿ ಇದ್ದಾರೆ. ತಿಂಗಳ ಕೊನೆಯಲ್ಲಿ ಕೆಲಸ ಹೆಚ್ಚಾದಾಗ ಮೇಸ್ತ್ರಿಯೊಬ್ಬರ ಮೂಲಕ ದಿನಗೂಲಿಯವರನ್ನು ಕರೆಸಿಕೊಳ್ಳುತ್ತೇವೆ. ಕಳೆದ ತಿಂಗಳು ವಿಜಯನಗರದಲ್ಲಿ ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿಯಿಂದ ವಾಷಿಂಗ್ ಮೆಷಿನ್ ಇಳಿಸುವಾಗ ನಮ್ಮ ಹುಡುಗನೊಬ್ಬನಿಗೆ ಸೊಂಟ ಹಿಡಿದುಕೊಂಡಿತು. ಅವನು ಇನ್ನೂ ಕೆಲಸಕ್ಕೆ ಬಂದಿಲ್ಲ. ಎಲ್ಲರಿಗೂ ಸೊಂಟದ ಬೆಲ್ಟು ಮತ್ತು ಸೇಫ್ಟಿ ಶೂ ಕೊಡಿಸೋಣ ಎಂದುಕೊಂಡಿದ್ದೇನೆ. ಇಷ್ಟು ಸಾಕಾಗುತ್ತದೆಯೇ? ಒಬ್ಬನಿಂದ ಎಷ್ಟು ಕೆಜಿಯವರೆಗೆ ಹೊರಿಸಬಹುದೆಂದು ಕಾನೂನು ಹೇಳುತ್ತದೆ? ದಿನಗೂಲಿಯವರಿಗೆ ಪೆಟ್ಟಾದರೆ ಹೊಣೆ ನನ್ನದೋ, ಮೇಸ್ತ್ರಿಯದೋ?

ಉತ್ತರ (ಔದ್ಯೋಗಿಕ ಸುರಕ್ಷತಾ ಸಲಹೆಗಾರರು):
ನಮಸ್ಕಾರ. ಶೂ ಖಂಡಿತ ಕೊಡಿಸಿ. ಬೆಲ್ಟಿಗೆ ಇಟ್ಟ ಹಣವನ್ನು ಬೇರೆ ಕಡೆ ಹಾಕಿ. ಆರೋಗ್ಯವಂತ ಕೆಲಸಗಾರನಿಗೆ ಸೊಂಟದ ಬೆಲ್ಟು ಬೆನ್ನುನೋವು ಬಾರದಂತೆ ತಡೆಯುತ್ತದೆ ಎನ್ನಲು ಸಾಕಷ್ಟು ಆಧಾರವಿಲ್ಲವೆಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಶೋಧನಾ ಸಂಸ್ಥೆಯಾದ ನಿಯೋಶ್ 1994ರಲ್ಲೇ ಹೇಳಿದೆ. ಬೆಲ್ಟು ಕಟ್ಟಿಕೊಂಡವನಿಗೆ ಇನ್ನಷ್ಟು ಹೊರಬಲ್ಲೆನೆಂಬ ಧೈರ್ಯ ಬರುತ್ತದೆಯೇ ಹೊರತು, ಹೊರೆಯ ತೂಕವೇನೂ ಇಳಿಯುವುದಿಲ್ಲ.

ನಿಮ್ಮ ಕಸುಬಿಗೆ ಇಂತಿಷ್ಟೇ ಕೆಜಿ ಎಂದು ಒಂದೇ ಅಂಕಿಯಲ್ಲಿ ಗೆರೆ ಎಳೆದಿರುವ ಕಾನೂನನ್ನು ಹುಡುಕುತ್ತ ಕೂರಬೇಡಿ. ಗಾಯವಾಗುವಷ್ಟು ಭಾರವನ್ನು ಯಾರಿಂದಲೂ ಎತ್ತಿಸಬಾರದೆಂದು 1948ರ ಕಾರ್ಖಾನೆಗಳ ಕಾಯ್ದೆಯ 34ನೇ ಸೆಕ್ಷನ್ ಹೇಳುತ್ತಿತ್ತಾದರೂ ನಿಮ್ಮದು ಕಾರ್ಖಾನೆಯಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020, ಹತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಗಾಯ ಅಥವಾ ಔದ್ಯೋಗಿಕ ಕಾಯಿಲೆ ತರಬಹುದಾದ ಅಪಾಯಗಳಿಲ್ಲದಂತೆ ಕೆಲಸದ ಸ್ಥಳವನ್ನು ಇಡುವುದು ಅದರ ಪ್ರಕಾರ ಮಾಲೀಕನ ಕರ್ತವ್ಯ. ಅಂಕಿಯೇ ಬೇಕೆಂದರೆ, ವಯಸ್ಕ ಪುರುಷನೊಬ್ಬ ಹೊರುವ ಭಾರ 55 ಕೆಜಿ ಮೀರದಂತೆ ನೋಡಿಕೊಳ್ಳಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1967ರ ಶಿಫಾರಸು ಹೇಳುತ್ತದೆ. ನಿಯೋಶ್‌ನ ಸೂತ್ರ ಇದಕ್ಕಿಂತ ಬಿಗಿ: ಹಿಡಿ ಚೆನ್ನಾಗಿದ್ದು, ಹೊರೆ ಮೈಗೆ ಒತ್ತಿಕೊಂಡಿದ್ದು, ಬೆನ್ನು ತಿರುಚದಿದ್ದರೂ 23 ಕೆಜಿ, ಇವುಗಳಲ್ಲಿ ಒಂದು ತಪ್ಪಿದರೂ ಅಂಕಿ ಅಲ್ಲಿಂದ ಕೆಳಗಿಳಿಯುತ್ತದೆ.

ಈಗ ನಿಮ್ಮ ವಾಷಿಂಗ್ ಮೆಷಿನ್ ವಿಷಯಕ್ಕೆ ಬರುತ್ತೇನೆ. ಅದು ಮುಂದೆ ಬಾಗಿಲಿರುವ ಫ್ರಂಟ್ ಲೋಡ್ ಆಗಿದ್ದಿರಬೇಕು. ಒಳಗೆ ಅಲುಗಾಟ ತಡೆಯಲೆಂದು ಕಾಂಕ್ರೀಟಿನ ತುಂಡುಗಳನ್ನು ಕೂರಿಸಿರುವುದರಿಂದ ಅದರ ತೂಕ ಸಾಮಾನ್ಯವಾಗಿ 60ರಿಂದ 70 ಕೆಜಿ ಬರುತ್ತದೆ. ಅದರ ಡ್ರಮ್ ಸ್ಪ್ರಿಂಗುಗಳ ಮೇಲೆ ತೂಗಾಡುತ್ತಿರುತ್ತದೆ. ಹೊಸದಾಗಿ ತಂದಾಗ ಡ್ರಮ್ ಅಲುಗದಂತೆ ಹಿಡಿದಿಡಲು ಹಿಂಬದಿಯಲ್ಲಿದ್ದ ಟ್ರಾನ್ಸಿಟ್ ಬೋಲ್ಟುಗಳನ್ನು ಬಿಚ್ಚಿ ಎಲ್ಲೋ ಎಸೆದಿರುತ್ತಾರಾದ್ದರಿಂದ, ಮೆಟ್ಟಿಲಿನಲ್ಲಿ ಮೆಷಿನ್ ಓರೆಯಾದೊಡನೆ ಡ್ರಮ್ ಒಂದು ಬದಿಗೆ ಜೋತು ಭಾರವೆಲ್ಲ ಹಠಾತ್ತನೆ ಅತ್ತ ಸರಿಯುತ್ತದೆ. ಓರೆಯಾದ ಹೊರೆಯ ಹೆಚ್ಚಿನ ಪಾಲನ್ನು ಹೊರುವವನು ಕೆಳಗಿನ ಮೆಟ್ಟಿಲಿನಲ್ಲಿರುವವನು. ಲ್ಯಾಂಡಿಂಗಿನ ತಿರುವಿನಲ್ಲಿ ಅವನು ಕಾಲಿಟ್ಟ ಜಾಗ ಕಾಣದೆ, ಸೊಂಟ ತಿರುಚಿಕೊಂಡು, ಆ ಭಾರವನ್ನು ತಡೆಯಬೇಕಾಗುತ್ತದೆ. ಇಂಥ ಕಡೆ ಇಬ್ಬರ ಬದಲು ಮೂವರಿರಬೇಕು, ಹೆಗಲಿಗೆ ಹಾಕುವ ಪಟ್ಟಿ ಅಥವಾ ಎರಡೂ ಬದಿಗೆ ಮೂರು ಮೂರು ಚಕ್ರವಿದ್ದು ಮೆಟ್ಟಿಲು ಹತ್ತುವ ಟ್ರಾಲಿ ಇರಬೇಕು, ಒಬ್ಬನೇ ಬಾಯಿಬಿಟ್ಟು ಹೆಜ್ಜೆ ಹೇಳುತ್ತಿರಬೇಕು. ಗ್ರಾಹಕರ ಬಳಿ ಬೋಲ್ಟುಗಳಿದ್ದರೆ ಮೊದಲು ಅವನ್ನು ಹಾಕಿಸಿ.

ನನ್ನ ದೃಷ್ಟಿಯಲ್ಲಿ ಆ ಹುಡುಗನ ಸೊಂಟದ ಪಾಡು ನಿರ್ಧಾರವಾದದ್ದು ಮೆಟ್ಟಿಲಿನ ಮೇಲಲ್ಲ, ನೀವು ಕೊಟೇಶನ್ ಕೊಟ್ಟ ದಿನ. ಫೋನಿನಲ್ಲೇ ‘ಟೂ ಬಿಎಚ್‌ಕೆ, ಮೂವರು ಸಾಕು, ಮಧ್ಯಾಹ್ನದೊಳಗೆ ಮುಗಿಯುತ್ತದೆ’ ಎಂದು ಒಪ್ಪಿಕೊಂಡ ಮೇಲೆ, ಕಳಿಸಿದ ಮೂವರು ತಮ್ಮ ಬೆನ್ನಿನಿಂದಲೇ ಆ ಮಾತು ಉಳಿಸಬೇಕಾಗುತ್ತದೆ. ಆದ್ದರಿಂದ ಸರ್ವೆ ಹಾಳೆಯನ್ನು ತಿದ್ದಿ. ಎಷ್ಟನೇ ಮಹಡಿ, ಲಿಫ್ಟ್ ಇದೆಯೇ, ಇದ್ದರೆ ಸಾಮಾನಿಗೆ ಬಿಡುತ್ತಾರೆಯೇ, ಮೆಟ್ಟಿಲ ತಿರುವು ಎಷ್ಟು ಅಗಲ, ಕ್ಯಾಂಟರ್ ಗೇಟಿನವರೆಗೆ ಬರುತ್ತದೆಯೋ ಅಥವಾ ಕ್ರಾಸ್ ರಸ್ತೆ ಕಿರಿದಾಗಿ ಮುಖ್ಯರಸ್ತೆಯಲ್ಲೇ ನಿಲ್ಲಬೇಕೋ, 50 ಕೆಜಿ ಮೀರುವ ವಸ್ತುಗಳು ಯಾವುವು ಎಂಬುದೆಲ್ಲ ಅದರಲ್ಲಿ ಬರಬೇಕು. ಎಷ್ಟು ಜನ, ಎಷ್ಟು ಹೊತ್ತು ಎಂಬುದು ಆ ಹಾಳೆಯಿಂದಲೇ ಹುಟ್ಟಬೇಕು. ಸ್ಟೀಲ್ ಬೀರುವನ್ನು ಖಾಲಿ ಮಾಡದೆ ಎತ್ತುವುದಿಲ್ಲವೆಂದು ಗ್ರಾಹಕರಿಗೆ ಬುಕಿಂಗ್ ಮಾಡುವಾಗಲೇ ತಿಳಿಸಿ. ಪುಸ್ತಕಗಳನ್ನು ದೊಡ್ಡ ಪೆಟ್ಟಿಗೆಗೆ ತುಂಬುವ ಚಾಳಿಯನ್ನೂ ಬಿಡಿಸಿ. ಪುಸ್ತಕ ಮತ್ತು ಪಾತ್ರೆಗಳಿಗೆ ಚಿಕ್ಕ ಪೆಟ್ಟಿಗೆ, ಹಾಸಿಗೆ ಬಟ್ಟೆಗಳಿಗೆ ದೊಡ್ಡದು.

ಹೊಣೆಯ ಪ್ರಶ್ನೆಗೆ ಉತ್ತರ ನೇರವಾಗಿದೆ: ಕೆಲಸ ನಿಮ್ಮದಾದ್ದರಿಂದ ಹೊಣೆಯೂ ನಿಮ್ಮದು. 1923ರ ಪರಿಹಾರ ಕಾಯ್ದೆಯಲ್ಲಿ ತಾತ್ಕಾಲಿಕ ಕೆಲಸಗಾರರನ್ನು ಹೊರಗಿಡುತ್ತಿದ್ದ ಮಾತನ್ನು 2000ದ ತಿದ್ದುಪಡಿಯಲ್ಲಿ ತೆಗೆದುಹಾಕಲಾಯಿತು. ಆ ಕಾಯ್ದೆ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಗುತ್ತಿಗೆದಾರನ ಮೂಲಕ ಬಂದವನಿಗೂ ಕೆಲಸ ಮಾಡಿಸಿದವರೇ ಪರಿಹಾರ ಕೊಟ್ಟು, ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬಹುದು. ನಿಮ್ಮಲ್ಲಿ ಹದಿನಾಲ್ಕು ಮಂದಿ ಇರುವುದರಿಂದ, ತಿಂಗಳಿಗೆ 21,000 ರೂಪಾಯಿವರೆಗೆ ಕೂಲಿ ಪಡೆಯುವವರನ್ನೆಲ್ಲ ನೌಕರರ ರಾಜ್ಯ ವಿಮಾ ಯೋಜನೆಯಾದ ಇಎಸ್‌ಐಗೆ ಸೇರಿಸಲೇಬೇಕು. ನಿಮ್ಮ ಪಾಲು ಕೂಲಿಯ ಶೇ 3.25, ಅವರದು ಶೇ 0.75. ಕೆಲಸದಲ್ಲಿ ಗಾಯಗೊಂಡು ಮನೆಯಲ್ಲಿ ಕೂತವನಿಗೆ ಚಿಕಿತ್ಸೆಯ ಜೊತೆಗೆ ಕೂಲಿಯ ಶೇ 90ರಷ್ಟು ಅಲ್ಲಿಂದ ಸಿಗುತ್ತದೆ. ಇಷ್ಟು ಕಡಿಮೆ ಖರ್ಚಿನ ರಕ್ಷಣೆಯನ್ನು ಬಿಟ್ಟು ಖಾಸಗಿ ಪಾಲಿಸಿ ಹುಡುಕುವ ಮಾಲೀಕರ ಲೆಕ್ಕಾಚಾರ ನನಗೆ ಅರ್ಥವಾಗುವುದಿಲ್ಲ.

ಮಾಲೀಕರು:
ಧನ್ಯವಾದ ಮೇಡಂ. ಆ ಹುಡುಗ ಮುಂದಿನ ವಾರ ಬರುತ್ತೇನೆ ಎನ್ನುತ್ತಿದ್ದಾನೆ. ಬರಮಾಡಿಕೊಳ್ಳಲೇ?

ಉತ್ತರ:
ವೈದ್ಯರ ಫಿಟ್‌ನೆಸ್ ಪತ್ರ ನೋಡಿ ಬರಮಾಡಿಕೊಳ್ಳಿ, ಆದರೆ ಮೊದಲ ಕೆಲವು ವಾರ ಪ್ಯಾಕಿಂಗ್, ಪೆಟ್ಟಿಗೆಗಳಿಗೆ ನಂಬರ್ ಬರೆಯುವುದು, ಪಟ್ಟಿ ತಾಳೆ ನೋಡುವುದು ಇಂಥ ಕೆಲಸ ಮಾತ್ರ ಕೊಡಿ. ಕೂಲಿ ಕಡಿಮೆ ಮಾಡಿದರೆ ಅವನು ನೋವು ಮುಚ್ಚಿಟ್ಟು ಮತ್ತೆ ಬೀರುವಿಗೆ ಹೆಗಲು ಕೊಡುತ್ತಾನೆ. ಎರಡೂ ಕಾಲುಗಳಲ್ಲಿ ಶಕ್ತಿಗುಂದುವುದು, ತೊಡೆಸಂದಿಯ ಸುತ್ತ ಜೋಮು, ಮೂತ್ರ ಕಟ್ಟಿಕೊಳ್ಳುವುದು ಅಥವಾ ಹಿಡಿತ ತಪ್ಪುವುದು ಕಂಡರೆ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಗುಂಪಿನ ಸದಸ್ಯರು (ಸೂಪರ್‌ವೈಸರ್):
ಮೇಡಂ, ಶೂ ಕೊಡಿಸಿ ಎಂದಿರಿ. ನಮ್ಮಲ್ಲಿ ಶೂ ಇದೆ, ಆದರೆ ಹೊಸ್ತಿಲಲ್ಲೇ ಬಿಚ್ಚಿಡಬೇಕಾಗುತ್ತದೆ. ಅದರಲ್ಲೂ ಗೃಹಪ್ರವೇಶವಾದ ಹೊಸ ಮನೆಯೆಂದರೆ ‘ದೇವರ ಮನೆ ಇದೆ, ಶೂ ಹಾಕಿಕೊಂಡು ಬರಬೇಡಿ’ ಎನ್ನುತ್ತಾರೆ. ಹುಡುಗರು ಬರಿಗಾಲಲ್ಲೇ ಫ್ರಿಜ್ಜು ಎತ್ತುತ್ತಾರೆ.

ಉತ್ತರ:
ಇದು ನಮ್ಮ ಊರಿನ ನಿಜವಾದ ಸಮಸ್ಯೆ, ಮತ್ತು ಗ್ರಾಹಕರ ಮಾತಿನಲ್ಲಿ ತಪ್ಪೇನೂ ಇಲ್ಲ. ಸಾಮಾನು ಬರುವ ಮೊದಲೇ ಬಾಗಿಲಿನಿಂದ ಕೋಣೆಗಳವರೆಗೆ ಸುಕ್ಕುರಟ್ಟಿನ (ಕಾರುಗೇಟೆಡ್ ಕಾರ್ಡ್‌ಬೋರ್ಡ್) ರೋಲ್ ಹಾಸಿ ಅಂಚುಗಳಿಗೆ ಟೇಪ್ ಅಂಟಿಸಿಬಿಡಿ. ತಮ್ಮ ನೆಲ ಹಾಳಾಗದಂತೆ ನೋಡಿಕೊಳ್ಳುತ್ತಿದ್ದೀರೆಂದು ಕಂಡರೆ ಬಹುತೇಕರು ಆ ದಾರಿಯಲ್ಲಿ ಶೂಗೆ ಒಪ್ಪುತ್ತಾರೆ. ಜಮಖಾನ ಹಾಸಬೇಡಿ, ಗ್ರಾನೈಟ್ ಮೇಲೆ ಅದು ಜಾರುತ್ತದೆ. ತೆಳು ಪ್ಲಾಸ್ಟಿಕ್ಕಿನ ಶೂ ಕವರ್ ಅದಕ್ಕಿಂತಲೂ ಕೆಟ್ಟದ್ದು; ಅದನ್ನು ತೊಟ್ಟು ಯಾರೂ ಮೆಟ್ಟಿಲು ಹತ್ತಬಾರದು. ದೇವರ ಮನೆಯ ಸಾಮಾನನ್ನು ಮನೆಯವರೇ ಒಯ್ಯಲಿ. ಹೇಗೂ ಅವರಿಗೆ ಅದೇ ಇಷ್ಟ. ಇನ್ನೂ ಒಪ್ಪದಿದ್ದರೆ, ಮನೆಯೊಳಗೆ ಮಾತ್ರ ಬಳಸುವ ಪ್ರತ್ಯೇಕ ಶೂ ಜೋಡಿಗಳನ್ನು ಗಾಡಿಯಲ್ಲಿಡಿ.

ಮತ್ತೊಬ್ಬ ಸದಸ್ಯರು:
ನಾವು ವೈಟ್‌ಫೀಲ್ಡ್ ಕಡೆ ಕಚೇರಿ ಸ್ಥಳಾಂತರ ಮಾಡುತ್ತೇವೆ. ಲಿಫ್ಟ್‌ಗೆ ಎಷ್ಟು ತುಂಬಬಹುದು? ಕೆಲಸ ಮುಗಿದ ಮೇಲೆ ಹುಡುಗರು ಗಾಡಿಯ ಹಿಂದೆ ಸಾಮಾನಿನ ಜೊತೆಗೇ ಬರುತ್ತಾರೆ, ಅದಕ್ಕೇನಾದರೂ ಆಕ್ಷೇಪವಿದೆಯೇ?

ಉತ್ತರ:
ಲಿಫ್ಟ್ ಒಳಗಿನ ಫಲಕದಲ್ಲಿ ಬರೆದಿರುವಷ್ಟೇ. ಒಬ್ಬರಿಗೆ 68 ಕೆಜಿಯಂತೆ ಲೆಕ್ಕ ಹಾಕಿರುವುದರಿಂದ ಎಂಟು ಜನರ ಲಿಫ್ಟಿನ ಮಿತಿ 544 ಕೆಜಿ. ಯುಪಿಎಸ್ ಬ್ಯಾಟರಿಗಳನ್ನು ಪೇರಿಸಿದರೆ ಲಿಫ್ಟ್ ಖಾಲಿ ಕಾಣುವಾಗಲೇ ಅದು ಮೀರಿಬಿಡುತ್ತದೆ. ಬಾಗಿಲಿಗೆ ಪೆಟ್ಟಿಗೆ ಅಡ್ಡ ಇಟ್ಟು ಸೆನ್ಸರ್ ಏಮಾರಿಸುವ ಅಭ್ಯಾಸವನ್ನೂ ನಿಲ್ಲಿಸಿ. ಗಾಡಿಯ ಹಿಂಭಾಗದಲ್ಲಿ ಜನ ಕೂರುವುದು ಬೇಡವೇ ಬೇಡ. ಬ್ರೇಕ್ ಹಾಕಿದೊಡನೆ ಬೀರು ಅವರ ಮೇಲೆ ಬೀಳುತ್ತದೆ, ವಿಮಾ ಕಂಪನಿಯೂ ತಕರಾರು ತೆಗೆಯುತ್ತದೆ. ದಟ್ಟಣೆಯ ಹೊತ್ತಿನಲ್ಲಿ ಸರಕು ವಾಹನಗಳಿಗೆ ನಿರ್ಬಂಧ ಇರುವುದರಿಂದ ನಿಮ್ಮ ಕೆಲಸ ರಾತ್ರಿಗೆ ಜಾರುತ್ತದೆಂದು ಬಲ್ಲೆ. ಹಾಗಿದ್ದಲ್ಲಿ ರಾತ್ರಿ ದುಡಿದವರನ್ನೇ ಬೆಳಿಗ್ಗೆಯ ಬುಕಿಂಗಿಗೆ ಹಾಕಬೇಡಿ, ವಾಪಸು ಬರಲು ಬೇರೆ ವಾಹನದ ಖರ್ಚನ್ನು ಕೊಟೇಶನ್ನಿಗೇ ಸೇರಿಸಿ.

ಮಾಲೀಕರು:
ಕೊನೆಯದಾಗಿ ಎರಡು ಸಂದೇಹ. ಇವನ್ನೆಲ್ಲ ಹುಡುಗರಿಗೆ ಕಲಿಸಲು ಬಿಡುವು ಸಿಗುವುದಾದರೂ ಯಾವಾಗ? ಮನೆಗಳ ಇನ್ವರ್ಟರ್ ಬ್ಯಾಟರಿ ಮತ್ತು ಗ್ಯಾಸ್ ಸಿಲಿಂಡರನ್ನು ಏನು ಮಾಡಬೇಕು?

ಉತ್ತರ:
ಆಷಾಢದಲ್ಲಿ ಮನೆ ಬದಲಿಸುವವರು ಕಡಿಮೆ. ಶ್ರಾವಣದ ನೂಕುನುಗ್ಗಲಿಗೆ ಮುಂಚೆ ಕಲಿಸಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ. ಕೋಣೆಯಲ್ಲಿ ಕೂರಿಸಿ ಭಾಷಣ ಮಾಡಬೇಡಿ. ನಿಮ್ಮ ಗೋದಾಮಿನ ಮೆಟ್ಟಿಲಿನಲ್ಲೇ ಹಳೆಯ ಫ್ರಿಜ್ಜೊಂದನ್ನು ಹತ್ತಿಸಿ ಇಳಿಸಿ ತೋರಿಸಿ, ಮೇಸ್ತ್ರಿಯೂ ಅವನ ಕಡೆಯವರೂ ಇರಲಿ.

ಇನ್ವರ್ಟರಿನ ದೊಡ್ಡ ಟ್ಯೂಬ್ಯುಲರ್ ಬ್ಯಾಟರಿ 50 ಕೆಜಿಗೂ ಮೀರಿ ತೂಗುತ್ತದೆ, ಒಳಗೆ ಇರುವುದು ಗಂಧಕಾಮ್ಲ. ಇನ್ವರ್ಟರನ್ನು ಆಫ್ ಮಾಡಿ, ಮೊದಲು ನೆಗೆಟಿವ್ ವಯರು, ಆಮೇಲೆ ಪಾಸಿಟಿವ್ ಬಿಚ್ಚಿ, ಎರಡೂ ತುದಿಗಳಿಗೆ ಟೇಪ್ ಸುತ್ತಬೇಕು. ಕೈಯಲ್ಲಿ ಉಂಗುರ, ಕಡಗ ಇರಬಾರದು. ತೊಡೆಗೆ ಆನಿಸಿಕೊಂಡು ಓರೆಯಾಗಿ ಇಳಿಸುವುದನ್ನು ಹಲವು ಕಡೆ ನೋಡಿದ್ದೇನೆ. ಮುಚ್ಚಳದ ಸಂದಿನಿಂದ ಸೋರಿದ ಆಮ್ಲ ಪ್ಯಾಂಟಿನಲ್ಲಿ ಇಂಗಿ, ಉರಿ ತಿಳಿಯುವಷ್ಟರಲ್ಲಿ ಚರ್ಮ ಸುಟ್ಟಿರುತ್ತದೆ. ಬ್ಯಾಟರಿ ನೆಟ್ಟಗೇ ಇರಲಿ, ಪ್ಲಾಸ್ಟಿಕ್ ಕ್ರೇಟಿನಲ್ಲಿಟ್ಟು ಇಬ್ಬರು ಹಿಡಿಯಲಿ, ರಬ್ಬರ್ ಗ್ಲೌಸು ಮತ್ತು ಕನ್ನಡಕ ಇರಲಿ. ಆಮ್ಲ ತಗುಲಿದರೆ ಬಟ್ಟೆ ಬಿಚ್ಚಿಸಿ ಇಪ್ಪತ್ತು ನಿಮಿಷ ಹರಿಯುವ ನೀರಿನಲ್ಲಿ ತೊಳೆಸಿ. ಸೋಡಾಪುಡಿ ಹಚ್ಚುವುದು ಬೇಡ.

ಗ್ಯಾಸ್ ಸಿಲಿಂಡರನ್ನು ಮುಚ್ಚಿದ ಗಾಡಿಯಲ್ಲಿ ಸಾಮಾನಿನ ನಡುವೆ ಹಾಕಬೇಡಿ. ಸೋರಿದ ಅನಿಲ ಗಾಳಿಗಿಂತ ಭಾರವಾದ್ದರಿಂದ ಗಾಡಿಯ ತಳದಲ್ಲೇ ನಿಲ್ಲುತ್ತದೆ. ಸಂಪರ್ಕದ ವರ್ಗಾವಣೆಯನ್ನು ತಮ್ಮ ಗ್ಯಾಸ್ ಏಜೆನ್ಸಿಯಲ್ಲಿ ಮೊದಲೇ ಮಾಡಿಸಿಕೊಳ್ಳಬೇಕೆಂದೂ, ಸಿಲಿಂಡರನ್ನು ನೀವು ಒಯ್ಯುವುದಿಲ್ಲವೆಂದೂ ಗ್ರಾಹಕರಿಗೆ ಬುಕಿಂಗ್ ಖಚಿತಪಡಿಸುವ ಸಂದೇಶದಲ್ಲೇ ಬರೆದು ಕಳಿಸಿ.