ಅಮ್ಮನಿಗೆ ಸಂಜೆಯಾದರೆ ರೆಪ್ಪೆ ಬೀಳುತ್ತದೆ, ರಿಪೋರ್ಟ್ ಎಲ್ಲಾ ನಾರ್ಮಲ್. ಅನುಭವ ಇದ್ದವರು ಹೇಳಿ

ಕಲ್ಲಹಳ್ಳಿ ಹುಡುಗ, ಮಂಡ್ಯ:
ಅಮ್ಮನಿಗೆ 54. ಬೆಳಗ್ಗೆ ಆರಾಮಾಗಿರುತ್ತಾರೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಎಡಗಣ್ಣಿನ ರೆಪ್ಪೆ ಇಳಿದುಬಿಡುತ್ತದೆ, ಎರಡೆರಡು ಕಾಣುತ್ತದೆ ಅನ್ನುತ್ತಾರೆ. ಕಣ್ಣಿನ ಡಾಕ್ಟರು ಕನ್ನಡಕ ಬದಲಿಸಿದರು. ತಲೆ ಎಂಆರ್‌ಐ ನಾರ್ಮಲ್. ಮೈಸೂರಿನ ಒಬ್ಬ ನರದ ಡಾಕ್ಟರು ಮಯಸ್ತೇನಿಯಾ (ನರದ ಸಂದೇಶ ಸರಿಯಾಗಿ ಮುಟ್ಟದೆ ಸ್ನಾಯು ಸೋಲುವ ಕಾಯಿಲೆ) ಇರಬಹುದು ಅಂತ ಎಸಿಎಚ್‌ಆರ್ ಆಂಟಿಬಾಡಿ ಅನ್ನುವ ರಕ್ತದ ಟೆಸ್ಟ್ ಬರೆದರು, ನೆಗೆಟಿವ್ ಬಂತು. ಇನ್ನೊಬ್ಬರು ಟೆನ್ಷನ್ ಅಂದರು. ಈಚೆಗೆ ಮುದ್ದೆ ಗಂಟಲಲ್ಲಿ ನಿಲ್ಲುತ್ತದೆ ಅನ್ನುತ್ತಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗುವುದಾ, ಮೈಸೂರಲ್ಲೇ ನೋಡುವುದಾ? ಖರ್ಚು ಎಷ್ಟಾಗಬಹುದು?

ಕುವೆಂಪುನಗರ ನಿವಾಸಿ:
ಸುಮ್ನೆ ಇಲ್ಲಿ ಓಡಾಡಬೇಡಿ, ಬೆಂಗಳೂರಿಗೆ ಹೋಗಿ. ನಾನು ಹೋಗಿದ್ದಕ್ಕೇ ನನ್ನ ಹೆಂಡತಿ ಇವತ್ತು ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಳೆ. ಅವಳಿಗೆ ಮಧ್ಯಾಹ್ನದ ಪೀರಿಯಡ್ ಶುರುವಾದರೆ ಮಾತು ಮೂಗಿನಲ್ಲಿ ಬರುತ್ತಿತ್ತು, ಮಕ್ಕಳು ಮುಸಿಮುಸಿ ನಗುತ್ತಿದ್ದರು. ಗಂಟಲಿನವರು, ಹಲ್ಲಿನವರು ಎಲ್ಲಾ ಆಯಿತು. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯ ಒಬ್ಬ ಮೇಡಂ ಮಾತ್ರ ಹತ್ತು ನಿಮಿಷ ಮಾತಾಡಿಸಿ, ಇದು ಮಾತಿನ ತೊಂದರೆಯಲ್ಲ, ನರದ ಡಾಕ್ಟರಿಗೆ ತೋರಿಸಿ ಅಂದರು. ಆಮೇಲೆ ನಿಮ್ಹಾನ್ಸ್. ಅಲ್ಲಿ ಆರ್‌ಎನ್‌ಎಸ್ ಅನ್ನುವ ನರದ ಟೆಸ್ಟ್ ಮಾಡಿದರು, ಕೈಗೆ ಮುಖಕ್ಕೆ ಸಣ್ಣ ಕರೆಂಟು ಒಂದರ ಹಿಂದೆ ಒಂದು ಕೊಟ್ಟ ಹಾಗೆ ಪರದೆ ಮೇಲಿನ ಗೆರೆ ಚಿಕ್ಕದಾಗುತ್ತಾ ಬಂತು, ಮಯಸ್ತೇನಿಯಾ ಅಂತ ಕಾಯಿಲೆ ಹೆಸರು ಅವತ್ತೇ ಸಿಕ್ಕಿತು. ಪಿರಿಡೋಸ್ಟಿಗ್ಮಿನ್ 60 ಮಿ.ಗ್ರಾಂ ಮಾತ್ರೆ ನುಂಗಿ ಮುಕ್ಕಾಲು ಗಂಟೆಗೆ ಮಾತು ನೆಟ್ಟಗಾಯಿತು. ಹೊಟ್ಟೆ ಹಿಂಡುತ್ತದೆ, ಮೂರು ನಾಲ್ಕು ಗಂಟೆಗೆ ಪವರ್ ಇಳಿಯುತ್ತದೆ, ಅದು ಬೇರೆ ಕಥೆ. ಚಿಕಿತ್ಸೆಗಿಂತ ಸುತ್ತಮುತ್ತಲಿನ ಖರ್ಚೇ ಜಾಸ್ತಿ. ಲಾಡ್ಜ್ ದಿನಕ್ಕೆ 1,200, ಬಿಸಿನೀರಿಗೆ ಬಕೆಟ್‌ಗೆ 30 ಬೇರೆ. ರೈಲ್ವೆ ಸ್ಟೇಷನ್‌ನಿಂದ ಆಟೋದವನು 350 ಕಿತ್ತುಕೊಂಡ.

ಪಾಂಡವಪುರ ಅಕ್ಕ:
ನಿಮ್ಮ ಹೆಂಡತಿಗೆ ಕಾಯಿಲೆ, ನಿಮಗಲ್ಲ ಸರ್. ನನಗೇ ಇದೆ, ಅದಕ್ಕೆ ಹೇಳುತ್ತೇನೆ. ಮೈಸೂರಲ್ಲಿ ಏನೂ ಆಗಲ್ಲ ಅನ್ನುವುದು ಸುಳ್ಳು. ನಂದೂ ಆಂಟಿಬಾಡಿ ನೆಗೆಟಿವ್. ಕಣ್ಣಿಗೆ ಮಾತ್ರ ಬಂದಿರುವವರಲ್ಲಿ ಹೆಚ್ಚುಕಮ್ಮಿ ಅರ್ಧ ಜನಕ್ಕೆ ಅದು ಸಿಗುವುದೇ ಇಲ್ಲ, ಮಸ್ಕ್ ಅಂತ ಇನ್ನೊಂದು ಆಂಟಿಬಾಡಿ ಇದೆ, ಅದನ್ನೂ ನೋಡಬೇಕು. ನಮ್ಮ ಡಾಕ್ಟರು ಮಂಜುಗಡ್ಡೆ ಗ್ಲೋವ್ಸ್‌ನಲ್ಲಿ ಕಟ್ಟಿ ರೆಪ್ಪೆ ಮೇಲೆ ಎರಡು ನಿಮಿಷ ಇಟ್ಟರು, ರೆಪ್ಪೆ ಮೇಲಕ್ಕೆ ಬಂತು. ಆ ಟೆಸ್ಟಿಗೆ ಬಿಲ್ಲೇ ಇಲ್ಲ.

ಕಷ್ಟ ಶುರುವಾಗಿದ್ದು ಆಮೇಲೆ. ಸ್ಟೀರಾಯ್ಡ್ ಶುರು ಮಾಡಿದ ಮೊದಲ ವಾರಗಳಲ್ಲಿ ಜಾಸ್ತಿಯೇ ಆಯಿತು, ಹಾಗಾಗುತ್ತದೆ ಅಂತ ಯಾರೂ ಹೇಳಿರಲಿಲ್ಲ. ಮುಖ ಊದಿತು, ಶುಗರ್ ಬಂತು, ಮದುವೆಮನೆಯಲ್ಲಿ ನಮ್ಮತ್ತೆ ಕಡೆಯವರು ಚೆನ್ನಾಗಿ ಮೈಕೈ ತುಂಬಿಕೊಂಡಿದ್ದೀಯ ಅಂದರು. ಆಮೇಲೆ ಉರಿಮೂತ್ರ ಅಂತ ಒಂದು ನರ್ಸಿಂಗ್ ಹೋಮ್‌ಗೆ ಹೋದೆ. ನನಗೆ ಎಂಜಿ (ಇದೇ ಮಯಸ್ತೇನಿಯಾ ಗ್ರೇವಿಸ್) ಇದೆ ಅಂತ ಎರಡು ಸಲ ಹೇಳಿದೆ, ಆ ಡಾಕ್ಟರು ಎಂಜಿ ಕಾರ್ ಅಂದುಕೊಂಡರೋ ಏನೋ, ಸಿಪ್ರೋಫ್ಲಾಕ್ಸಸಿನ್ ಅನ್ನುವ ಆಂಟಿಬಯೋಟಿಕ್ ಬರೆದರು. ನಮ್ಮ ಕಾಯಿಲೆಗೆ ಅದು ಆಗಿಬರುವುದಿಲ್ಲ. ಐಸಿಯು. ಐವಿಐಜಿ (ರಕ್ತನಾಳಕ್ಕೆ ಹಾಕುವ ಆಂಟಿಬಾಡಿ ಡ್ರಿಪ್) ಲೆಕ್ಕ ಕೇಳಿ: ಕೆಜಿಗೆ 2 ಗ್ರಾಂ, ನಾನು 58 ಕೆಜಿ, 116 ಗ್ರಾಂ ಆಯಿತು. 5 ಗ್ರಾಂನ ಬಾಟಲಿ 24 ಬೇಕು, ಒಂದಕ್ಕೆ 9,800. ಔಷಧಿಗೇ 2,35,200. ಬೆಡ್ಡು, ವೆಂಟಿಲೇಟರು ಬೇರೆ. ಕಬ್ಬಿನ ಬಿಲ್ ಬಂದಿರಲಿಲ್ಲ, ನಮ್ಮನೆಯವರು ಒಡವೆ ಅಡ ಇಟ್ಟರು. ಇನ್ನೂ ಒಂದು ಜೊತೆ ಬಳೆ ಬಿಡಿಸಿಲ್ಲ.

ಸರಸ್ವತಿಪುರಂ ಕಾಫಿ:
ಎಲ್ಲರೂ ಕಣ್ಣು ಕಣ್ಣು ಅನ್ನುತ್ತೀರಿ, ಎದೆ ಸಿಟಿ ಬಗ್ಗೆ ಒಬ್ಬರೂ ಇಲ್ಲ! ಈ ಕಾಯಿಲೆಯವರಲ್ಲಿ ನೂರಕ್ಕೆ 10–15 ಜನಕ್ಕೆ ಎದೆಮೂಳೆ ಹಿಂದಿನ ಥೈಮಸ್ ಗ್ರಂಥಿಯಲ್ಲಿ ಗಡ್ಡೆ ಇರುತ್ತದೆ, ನನಗೂ ಇತ್ತು. ತೆಗೆಸಿದೆ. 2016ರಲ್ಲಿ ದೊಡ್ಡ ಅಧ್ಯಯನ ಬಂದಿದೆ, ಗಡ್ಡೆ ಇಲ್ಲದವರಿಗೂ ಥೈಮಸ್ ತೆಗೆಸುವ ಆಪರೇಷನ್ ಮಾಡಿಸಿದರೆ ಸ್ಟೀರಾಯ್ಡ್ ಕಮ್ಮಿ ಸಾಕಾಗುತ್ತದೆ. ಬಿಲ್ 3,40,000. ಅದರಲ್ಲಿ ಗ್ಲೋವ್ಸು ಸಿರಿಂಜು ಅಂತ 41,600, ಏನು ಇಡೀ ಊರಿಗೆ ಇಂಜೆಕ್ಷನ್ ಚುಚ್ಚಿದರಾ? ಇನ್ಶೂರೆನ್ಸ್‌ನವರು ಕಾಯಿಲೆ ಮೊದಲೇ ಇತ್ತು ಅಂತ ಕೈಯೆತ್ತಿದರು. ಹೆಸರೇ ಗೊತ್ತಿಲ್ಲದ ಕಾಯಿಲೆಯನ್ನು ನಾನು ಫಾರಂನಲ್ಲಿ ಏನಂತ ಬರೆಯಲಿ?

ಪಾಂಡವಪುರ ಅಕ್ಕ:
ಆ ಅಧ್ಯಯನದಲ್ಲಿದ್ದವರೆಲ್ಲ ಆಂಟಿಬಾಡಿ ಪಾಸಿಟಿವ್. ಅರ್ಧ ಓದಿ ಕಂಡವರ ಎದೆ ಕೊಯ್ಸಬೇಡಿ.

ಸರಸ್ವತಿಪುರಂ ಕಾಫಿ:
ಸಿಟಿ ಮಾಡಿಸಿ ಅಂದೆ, ಕೊಯ್ಸಿ ಅಂದೆನಾ? ನಿಮ್ಮದು ಬರೀ ಸಿಟ್ಟು.

ನಂಜನಗೂಡು ನೇಚರ್:
ಇಷ್ಟೊಂದು ಇಂಗ್ಲಿಷ್ ಔಷಧಿ ಯಾಕೆ? ನನ್ನ ಭಾವನಿಗೂ ಹೀಗೇ ಸುಸ್ತು ಇತ್ತು. ಬೆಳಗ್ಗೆ ಅಮೃತಬಳ್ಳಿ ಕಷಾಯ, ರಾತ್ರಿ ಒಂದು ಮೆಗ್ನೀಷಿಯಂ ಮಾತ್ರೆ. ಈಗ ಬೆಟ್ಟದ ಮೆಟ್ಟಿಲು ಹತ್ತುತ್ತಾರೆ.

ಕುವೆಂಪುನಗರ ನಿವಾಸಿ:
ಸ್ವಾಮಿ, ಮೆಗ್ನೀಷಿಯಂ ಈ ಕಾಯಿಲೆಯವರಿಗೆ ವಿಷ. ಸ್ನಾಯು ಇನ್ನೂ ಸೋಲುತ್ತದೆ. ನಿಮ್ಮ ಭಾವನಿಗೆ ಇದ್ದದ್ದು ಬರೀ ಸೋಮಾರಿತನ ಇರಬೇಕು.

ನಂಜನಗೂಡು ನೇಚರ್:
ನಮ್ಮ ಭಾವನ ಸುದ್ದಿಗೆ ಬರಬೇಡಿ. ಬಿಸಿನೀರಿಗೆ 30 ಕೊಟ್ಟಿದ್ದನ್ನು ಊರಿಗೆಲ್ಲ ಹೇಳಿಕೊಳ್ಳುವವರು ನೀವು.

ಸ್ಟಾಫ್ ನರ್ಸ್, ಮಂಡ್ಯ:
ಜಗಳ ಆಮೇಲೆ ಆಡಿ. ಕಲ್ಲಹಳ್ಳಿಯವರೇ, ನುಂಗುವುದು ಕಷ್ಟ ಅಂತ ಬರೆದಿದ್ದೀರಿ, ಅದನ್ನು ಯಾರೂ ನೋಡಿಲ್ಲ. ಮುದ್ದೆ ಕೊಡಬೇಡಿ. ಮಲಗಿದಾಗ ಉಸಿರು ಕಟ್ಟುತ್ತದಾ ಕೇಳಿ. ಜೋರಾಗಿ ಉಸಿರು ಎಳೆದುಕೊಂಡು ಒಂದೇ ದಮ್ಮಿಗೆ ಒಂದು ಎರಡು ಅಂತ ಎಣಿಸಲು ಹೇಳಿ. ಇಪ್ಪತ್ತು ಮುಟ್ಟದಿದ್ದರೆ ಇವತ್ತೇ ಐಸಿಯು ಇರುವ ಕಡೆ ಹೋಗಿ. ಇಪ್ಪತ್ತು ದಾಟಿದರೂ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ.

ಮದ್ದೂರು ವಡೆ:
ಬೆಂಗಳೂರಿಗೆ ಹೋಗುವವರು ಕಾರೇ ಮಾಡಿಕೊಳ್ಳಿ. ನಮ್ಮ ತಂದೆಯನ್ನು ರೈಲಲ್ಲಿ ಕರೆದುಕೊಂಡು ಹೋಗಿ ಸಾಕಾಯಿತು, ಪ್ಲಾಟ್‌ಫಾರಂ ಮೆಟ್ಟಿಲು ಹತ್ತುವಷ್ಟರಲ್ಲಿ ಕತ್ತು ನಿಲ್ಲುತ್ತಿರಲಿಲ್ಲ.

ಕುವೆಂಪುನಗರ ನಿವಾಸಿ:
ಕಾರಿಗೆ ಗಣಂಗೂರಲ್ಲಿ ಟೋಲ್, ಬಿಡದಿ ಹತ್ತಿರ ಇನ್ನೊಂದು ಟೋಲ್. ರೈಲಲ್ಲಿ ಕೂತರೆ ನೆಮ್ಮದಿ, ಲಿಫ್ಟ್ ಹುಡುಕಿಕೊಳ್ಳಬೇಕು ಅಷ್ಟೆ.

ಮದ್ದೂರು ವಡೆ:
ಕತ್ತು ನಿಲ್ಲದವರನ್ನು ಕೂರಿಸಿಕೊಂಡು ಲಿಫ್ಟ್ ಹುಡುಕಬೇಕಾ? ಟೋಲ್ ದುಡ್ಡು ಉಳಿಸಿ ಏನು ಕಟ್ಟಿಸಿದಿರಿ?

ಕಲ್ಲಹಳ್ಳಿ ಹುಡುಗ:
ಎಣಿಸಿದರು, 12ಕ್ಕೆ ನಿಂತಿತು. ನಮ್ಮ ಡಾಕ್ಟರಿಗೆ ಫೋನ್ ಮಾಡಿದೆ, ತಕ್ಷಣ ಕರೆದುಕೊಂಡು ಬನ್ನಿ ಅಂದರು. ಮೈಸೂರಿಗೆ ಹೊರಡುತ್ತಿದ್ದೇವೆ.

ಸ್ಟಾಫ್ ನರ್ಸ್, ಮಂಡ್ಯ:
108 ಕರೆಸಿ. ಮಲಗಿಸಬೇಡಿ, ಒರಗಿಸಿ ಕೂರಿಸಿ. ಹಳೇ ಚೀಟಿ, ಈಗ ನುಂಗುತ್ತಿರುವ ಮಾತ್ರೆ, ಕಣ್ಣಿಗೆ ಹಾಕುವ ಡ್ರಾಪ್ಸ್ ಕೂಡ ಕವರಿಗೆ ಹಾಕಿಕೊಳ್ಳಿ. ಟಿಮೊಲಾಲ್ ಅನ್ನುವ ಗ್ಲಾಕೋಮಾ ಡ್ರಾಪ್ಸ್ ಇದ್ದರೆ ಅದನ್ನು ಮೊದಲು ಹೇಳಿ, ಅದರಿಂದ ಈ ಕಾಯಿಲೆ ಜಾಸ್ತಿಯಾಗಬಹುದು.

ಕುವೆಂಪುನಗರ ನಿವಾಸಿ:
ಸರಿ, ಹೋಗಿ ಬನ್ನಿ. ಆದರೆ ಸುಧಾರಿಸಿಕೊಂಡ ಮೇಲೆ ಒಂದು ಸಲ ಬೆಂಗಳೂರಿಗೆ ತೋರಿಸಿ.

ಪಾಂಡವಪುರ ಅಕ್ಕ:
ಈಗಲೂ ನಿಮಗೆ ಬೆಂಗಳೂರೇನಾ! ತಮ್ಮಾ, ಐವಿಐಜಿ ಕೊಡಬೇಕು ಅಂತ ಹೇಳಿದರೆ, ಅದರ ಬದಲು ರಕ್ತದ ಪ್ಲಾಸ್ಮಾ ಬದಲಿಸುವುದು ಆಗುತ್ತದಾ ಅಂತಲೂ ಒಂದು ಮಾತು ಕೇಳು, ಖರ್ಚು ಕಮ್ಮಿ ಬೀಳಬಹುದು. ಬಾಟಲಿ ಬಿಲ್ ಮಾತ್ರ ಒಂದೊಂದಾಗಿ ಎಣಿಸಿಕೊಂಡು ಸಹಿ ಹಾಕು.